ಯಾರ ಮನೆಯ ಏಕಾದಶಿ?

ನಾಳೆ ಯಾವ ವಾರ ಎಂದು ಕೇಳಿದರೆ ಲೋಕಕ್ಕೆಲ್ಲ ಒಂದೇ ಉತ್ತರ. ನಾಳೆ ಏಕಾದಶಿಯೇ ಎಂದು ಕೇಳಿ ನೋಡಿ, ಉತ್ತರದ ಜಾಗದಲ್ಲಿ ಇನ್ನೊಂದು ಪ್ರಶ್ನೆ ಬಂದು ಕೂರುತ್ತದೆ: ‘ಯಾರಿಗೆ?’ ಸ್ಮಾರ್ತರಿಗೆ ನಾಳೆ ಇರಬಹುದು, ವೈಷ್ಣವರಿಗೆ ನಾಡಿದ್ದು. ಆ ಮಠದವರಿಗೆ ನಾಳೆಯೇ ಆದರೆ ಈ ಮಠದವರಿಗೆ ನಾಡಿದ್ದು. ಹೊಟ್ಟೆಯನ್ನು ದೇವರು ಎಲ್ಲರಿಗೂ ಒಂದೇ ಥರ ಕೊಟ್ಟಿದ್ದಾನೆ. ಅದನ್ನು ಖಾಲಿ ಬಿಡುವ ದಿನದ ಬಗ್ಗೆ ಮಾತ್ರ ಒಮ್ಮತ ಕೊಡಲಿಲ್ಲ.

ನಾನು ಬೆಳೆದ ಮೈಸೂರಿನ ವಠಾರದಲ್ಲಿ ಒಂದೇ ಬಾವಿಯ ನೀರು ಸೇದುವ ನಾಲ್ಕು ಮನೆಗಳಿದ್ದವು. ಮುಂದಿನ ಮನೆ ಮಾಧ್ವರದು, ಅವರೇ ಮಾಲೀಕರು. ಅದರ ಪಕ್ಕದಲ್ಲಿ ನಾವು ಸ್ಮಾರ್ತರು. ಹಿತ್ತಲ ಕಡೆ ಅಯ್ಯಂಗಾರ್ ದಂಪತಿ. ಬಾವಿಯಾಚೆ ಲಿಂಗಾಯತ ಮೇಷ್ಟರ ಸಂಸಾರ. ನಮ್ಮಲ್ಲಿ ಒಂಟಿಕೊಪ್ಪಲ್ ಪಂಚಾಂಗ ಮೂಲೆಗೆ ದಾರ ಪೋಣಿಸಿಕೊಂಡು ಅಡುಗೆಮನೆ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿತ್ತು. ಮುಂದಿನ ಮನೆಯಲ್ಲಿ ಮಠದ ಪಂಚಾಂಗ, ಅದು ದೇವರ ಮನೆಯಲ್ಲಿ, ಮಕ್ಕಳ ಕೈಗೆ ಸಿಗದ ಹಾಗೆ. ಅಯ್ಯಂಗಾರ್ ಮಾಮ ಮೊದಲು ಗೋಡೆಯ ಮೇಲಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ನೋಡುತ್ತಿದ್ದರು. ಅದನ್ನು ನಂಬದೆ ಪಂಚಾಂಗ ತೆರೆಯುತ್ತಿದ್ದರು. ಅದನ್ನೂ ಪೂರ್ತಿ ನಂಬದೆ ಕೊನೆಗೆ ಬೆರಳೆಣಿಸಿ ತೀರ್ಮಾನಕ್ಕೆ ಬರುತ್ತಿದ್ದರು. ಮೇಷ್ಟರ ಮನೆಯಲ್ಲಿ ಈ ರಗಳೆಯೇ ಇಲ್ಲ. ಸೋಮವಾರ ಒಪ್ಪತ್ತು, ಶಿವರಾತ್ರಿಗೆ ಉಪವಾಸ, ಜಾಗರಣೆ. ‘ಸೋಮವಾರದಲ್ಲಿ ಏನು ಸಂಶಯ ಸ್ವಾಮಿ? ಕಚೇರಿ ಬಾಗಿಲು ತೆಗೆದ ದಿನ ಸೋಮವಾರ’ ಎನ್ನುತ್ತಿದ್ದರು ಮೇಷ್ಟರು, ಜಗುಲಿಯ ಮೇಲೆ ದಶಮಿಯ ಚರ್ಚೆ ಕಾವೇರಿದಾಗಲೆಲ್ಲ.

ಮಕ್ಕಳಾದ ನಮಗೆ ಈ ಚರ್ಚೆಯಿಂದ ನೇರ ಲಾಭವಿತ್ತು. ಏಕಾದಶಿಯ ಉಪವಾಸ 8 ವರ್ಷ ದಾಟಿದವರಿಗೆ, 80 ಮುಟ್ಟದವರಿಗೆ ಎಂದು ಶಾಸ್ತ್ರ. ನಮಗೆ ಎಂಟು ದಾಟಿದ ಸಂಗತಿಯನ್ನು ನಮ್ಮ ಅಮ್ಮಂದಿರು ಯಾರ ಗಮನಕ್ಕೂ ತರಲಿಲ್ಲ. ಏಕಾದಶಿ ಎರಡು ದಿನಕ್ಕೆ ಹಂಚಿಹೋದ ಪಕ್ಷದಲ್ಲಿ ನಮ್ಮನೆಯಲ್ಲಿ ಉಪವಾಸವಿದ್ದ ದಿನ ಮುಂದಿನ ಮನೆಯಲ್ಲಿ ಹುಳಿ ಕುದಿಯುತ್ತಿತ್ತು. ಅವರ ಒಲೆ ತಣ್ಣಗಾದ ದಿನ ನಮ್ಮಲ್ಲಿ ಒಗ್ಗರಣೆ ಸಿಡಿಯುತ್ತಿತ್ತು. ಅದರ ಮರುದಿನ ಬೆಳಗಾಗುತ್ತಿದ್ದ ಹಾಗೆ ಮುಂದಿನ ಮನೆಯಿಂದ ಪಾರಣೆಯ ಪಾಯಸ. ‘ಏಕಾದಶಿ ಮನೆಗೆ ಶಿವರಾತ್ರಿ ಬಂದ ಹಾಗೆ’ ಎಂಬ ಗಾದೆ ಕಟ್ಟಿದವನು ಒಂಟಿ ಮನೆಯಲ್ಲಿ ಇದ್ದವನಿರಬೇಕು. ವಠಾರದಲ್ಲಿ ಇದ್ದಿದ್ದರೆ ಆ ಶಿವರಾತ್ರಿಗೆ ಪಕ್ಕದ ಮನೆಯ ಬಾಗಿಲು ತೋರಿಸುತ್ತಿದ್ದ.

ಉಪವಾಸ ಎಂಬ ಒಂದು ಹೆಸರಿನ ಕೆಳಗೆ ಎಷ್ಟು ಬಗೆ! ಮುಂದಿನ ಮನೆ ಅಜ್ಜಿಯದು ಶುದ್ಧ ನಿರ್ಜಲ. ದಶಮಿ ರಾತ್ರಿ ಊಟವಿಲ್ಲ, ಏಕಾದಶಿಯಂದು ಹನಿ ನೀರಿಲ್ಲ, ದ್ವಾದಶಿ ಬೆಳಿಗ್ಗೆ ಪಾರಣೆ ಮುಗಿಸಿದರೆ ಆ ರಾತ್ರಿ ಮತ್ತೆ ಊಟವಿಲ್ಲ. ಮೂರು ದಿನದ ಆರು ಊಟದಲ್ಲಿ ನಾಲ್ಕು ಕಳೆದು ಎರಡು ಉಳಿಯುವ ಲೆಕ್ಕ. ಇದು ಸಾಲದು ಎನ್ನುವವರಿಗೆ ವಿಷ್ಣುಪಂಚಕವಿದೆ. ಎರಡು ಏಕಾದಶಿ, ಹುಣ್ಣಿಮೆ, ಅಮಾವಾಸ್ಯೆ, ಶ್ರವಣ ನಕ್ಷತ್ರದ ದಿನ, ಹೀಗೆ ತಿಂಗಳಿಗೆ ಐದು ಉಪವಾಸ. ಇದರ ಮೇಲೆ ಆಷಾಢದಿಂದ ಕಾರ್ತಿಕದವರೆಗೆ ಚಾತುರ್ಮಾಸ್ಯ. ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಯಿಲ್ಲ. ಓದಿದರೆ ಎದೆ ಒಡೆಯುತ್ತದೆ. ಆದರೆ ಅಂಚಿನಲ್ಲಿ ಇನ್ನೊಂದು ಮಾತಿದೆ: ಮೊಸರು ಬಿಟ್ಟ ತಿಂಗಳಲ್ಲಿ ಮಜ್ಜಿಗೆಗೆ ಅಡ್ಡಿಯಿಲ್ಲ, ಹಾಲು ಬಿಟ್ಟ ತಿಂಗಳಲ್ಲಿ ಮೊಸರಿಗೆ ಅಡ್ಡಿಯಿಲ್ಲ. ಎರಡೂ ಬರುವುದು ಒಂದೇ ಹಸುವಿನಿಂದ ಎಂಬ ತಕರಾರನ್ನು ಶಾಸ್ತ್ರಕಾರರು ಎತ್ತಲಿಲ್ಲ. ಅವರೂ ಮಧ್ಯಾಹ್ನ ಊಟಕ್ಕೆ ಕೂರುವವರೇ ತಾನೆ.

ನಮ್ಮ ಮನೆಯದು ಒಪ್ಪತ್ತು. ಒಂದು ಹೊತ್ತು ಊಟ, ಇನ್ನೊಂದು ಹೊತ್ತು ಫಲಾಹಾರ. ಫಲಾಹಾರದಲ್ಲಿ ಫಲ ಇರಲೇಬೇಕೆಂದು ನಮ್ಮಲ್ಲಿ ಯಾರೂ ಹಟ ಹಿಡಿದಿರಲಿಲ್ಲ. ಆ ಹೊತ್ತು ಬಿಡಬೇಕಾದದ್ದು ಅನ್ನ. ಅನ್ನ ಮುಸುರೆ. ಅದೇ ಭತ್ತವನ್ನು ನೆನೆಸಿ, ಹುರಿದು, ಕುಟ್ಟಿ ಅವಲಕ್ಕಿ ಮಾಡಿದರೆ ಮುಸುರೆಯಲ್ಲ. ಹೀಗಾಗಿ ಏಕಾದಶಿಯ ಸಂಜೆ ಗೊಜ್ಜವಲಕ್ಕಿ, ಗೋಡಂಬಿ ಹಾಕಿದ ಉಪ್ಪಿಟ್ಟು, ಬಾಳೆಹಣ್ಣಿನ ರಸಾಯನ. ಉಳಿದ ದಿನ ರಾತ್ರಿ ಎರಡು ತುತ್ತು ಸಾರನ್ನ ಉಂಡು ಎದ್ದುಬಿಡುತ್ತಿದ್ದ ನಮ್ಮಪ್ಪ ಅವತ್ತು ಮಾತ್ರ ‘ಇವತ್ತು ಉಪವಾಸ ಅಲ್ವೇನೇ, ಇನ್ನೊಂದು ಸೌಟು ಹಾಕು’ ಎನ್ನುತ್ತಿದ್ದರು. ಅಮ್ಮ ಬಡಿಸುತ್ತ, ‘ನಿಮ್ಮ ಉಪವಾಸಕ್ಕೆ ರವೆ ಸಾಲೋದಿಲ್ಲ’ ಎನ್ನುತ್ತಿದ್ದಳು. ತಿಂಗಳ ದಿನಸಿ ಚೀಟಿಯಲ್ಲಿ ರವೆಯ ಮುಂದೆ ‘ಏಕಾದಶಿಗೆ ಸೇರಿ’ ಎಂದು ಬರೆದಿರುತ್ತಿತ್ತು.

ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆ ಹೋದರೆ ಉಪ್ಪಿಟ್ಟಿನ ಗದ್ದುಗೆಯಲ್ಲಿ ಸಾಬೂದಾಣಿ ಖಿಚಡಿ ಕೂತಿರುತ್ತದೆ. ನೆನೆದ ಸಾಬೂದಾಣಿ, ಕುಟ್ಟಿದ ಶೇಂಗಾ, ಹೆಚ್ಚಿದ ಬಟಾಟಿ, ಹಸಿಮೆಣಸಿನಕಾಯಿ. ಬಾಣಲೆಯಲ್ಲಿ ಮುತ್ತು ಒಂದಕ್ಕೊಂದು ಅಂಟದ ಹಾಗೆ ಮಗುಚುವುದೇ ಒಂದು ವ್ರತ. ಅಕ್ಕಿ, ಗೋದಿ, ಬೇಳೆ ಏನೂ ಇಲ್ಲದ ಈ ಪರಮ ಪವಿತ್ರ ತಿಂಡಿಯ ಜಾತಕ ಬಿಚ್ಚಿದರೆ ಮಜವಿದೆ. ನಮ್ಮ ಸಾಬೂದಾಣಿ ಮರಗೆಣಸಿನ ಹಿಟ್ಟಿನಿಂದ ಆದದ್ದು, ತಮಿಳುನಾಡಿನ ಸೇಲಂ ಸುತ್ತಮುತ್ತ ತಯಾರಾಗುವಂಥದು. ಮರಗೆಣಸು, ಶೇಂಗಾ, ಬಟಾಟಿ, ಮೆಣಸಿನಕಾಯಿ ನಾಲ್ಕೂ ಅಮೆರಿಕ ಖಂಡದ ಬೆಳೆಗಳು, ಹಡಗು ಹತ್ತಿ ಈ ಕಡೆ ಬಂದವು. 1492ರಲ್ಲಿ ಕೊಲಂಬಸ್ ದಾರಿ ತಪ್ಪದೆ ಹೋಗಿದ್ದರೆ ಬೆಳಗಾವಿಯ ಏಕಾದಶಿ ಬಹಳ ಸಪ್ಪೆಯಾಗಿರುತ್ತಿತ್ತು. ಧರ್ಮಶಾಸ್ತ್ರ ಬರೆದವರು ಈ ನಾಲ್ಕನ್ನೂ ಕಂಡಿರಲಿಲ್ಲ. ಕಾಣದ್ದನ್ನು ಅವರು ನಿಷೇಧಿಸಲಿಲ್ಲ, ನಿಷೇಧಿಸದ್ದನ್ನು ನಾವು ಬಿಡಲಿಲ್ಲ. ‘ಏಕಾದಶಿ, ದುಪ್ಪಟ್ ಖಾಶಿ’ ಎಂದು ಮರಾಠಿಯಲ್ಲಿ ಗಾದೆಯಿದೆ. ಏಕಾದಶಿಯಂದು ಎರಡರಷ್ಟು ತಿನ್ನುವುದು. ಗಡಿ ವಿವಾದ ಏನೇ ಇರಲಿ, ಈ ಗಾದೆ ಎರಡೂ ಕಡೆಯವರಿಗೆ ಸೇರಿದ್ದು.

ಹೊಟ್ಟೆಯ ವಿಷಯದಲ್ಲಿ ಇಷ್ಟು ಧಾರಾಳಿಗಳಾದ ನಮ್ಮವರು ಹೊತ್ತಿನ ವಿಷಯಕ್ಕೆ ಬಂದರೆ ಚಿಲ್ಲರೆಯನ್ನೂ ಬಿಡುವುದಿಲ್ಲ. ಅದಕ್ಕೆ ಕಾರಣ ಚಂದ್ರ. ಅಮಾವಾಸ್ಯೆಯಂದು ಸೂರ್ಯ ಚಂದ್ರ ಇಬ್ಬರೂ ಅಜ್ಜ ಮೊಮ್ಮಗನ ಹಾಗೆ ಒಟ್ಟಿಗೆ ಸಂತೆಗೆ ಹೊರಡುತ್ತಾರೆ ಎಂದಿಟ್ಟುಕೊಳ್ಳಿ. ಅಜ್ಜ ದಿನಕ್ಕೆ ಒಂದು ಡಿಗ್ರಿ ನಡೆದರೆ ಮೊಮ್ಮಗ ಹದಿಮೂರು ಡಿಗ್ರಿ ಓಡುತ್ತಾನೆ. ಅವನು ಅಜ್ಜನಿಗಿಂತ 12 ಡಿಗ್ರಿ ಮುಂದೆ ಹೋದಾಗ ಒಂದು ತಿಥಿ ಮುಗಿಯಿತು, 24 ಡಿಗ್ರಿಗೆ ಎರಡು. ಮೂವತ್ತು ತಿಥಿ ಕಳೆಯುವ ಹೊತ್ತಿಗೆ ಸುತ್ತು ಪೂರೈಸಿ ಹಿಂದಿನಿಂದ ಬಂದು ಅಜ್ಜನ ಕೈ ಹಿಡಿಯುತ್ತಾನೆ, ಮತ್ತೆ ಅಮಾವಾಸ್ಯೆ. ಹುಡುಗನ ಓಟ ಒಂದೇ ಸಮನಲ್ಲ. ಭೂಮಿಗೆ ಹತ್ತಿರ ಬಂದಾಗ ಜೋರು, ದೂರ ಸರಿದಾಗ ನಿಧಾನ. ಆದ್ದರಿಂದ ಒಂದು ತಿಥಿ 20 ಗಂಟೆಗೇ ಮುಗಿದುಹೋಗುತ್ತದೆ, ಇನ್ನೊಂದು 26 ಗಂಟೆ ದಾಟಿಯೂ ಎಳೆದಾಡುತ್ತದೆ. ಹಳಬರ ಸೂತ್ರ ‘ಬಾಣವೃದ್ಧಿ ರಸಕ್ಷಯ’. ಬಾಣ ಐದು, ರಸ ಆರು. ಅವರ ಲೆಕ್ಕದಲ್ಲಿ 60 ಘಳಿಗೆಯ ತಿಥಿ ಹೆಚ್ಚೆಂದರೆ ಐದು ಘಳಿಗೆ ಹಿಗ್ಗೀತು, ಆರು ಘಳಿಗೆ ಕುಗ್ಗೀತು. ಒಂದು ಘಳಿಗೆಗೆ 24 ನಿಮಿಷ.

ಆದರೆ ಕಚೇರಿಗೆ, ಶಾಲೆಗೆ, ಹಾಲಿನವನಿಗೆ ತಿಥಿ ಬೇಡ, ದಿನ ಬೇಕು. ಸೂರ್ಯ ಹುಟ್ಟುವಾಗ ಯಾವ ತಿಥಿಯೋ ಆ ದಿನಕ್ಕೆ ಅದೇ ಹೆಸರು ಎಂದು ರಾಜಿ ಮಾಡಿಕೊಂಡರು. ಎರಡು ಸೂರ್ಯೋದಯ ಕಂಡ ತಿಥಿ ವೃದ್ಧಿ, ಒಂದನ್ನೂ ಕಾಣದೆ ಹೋದದ್ದು ಕ್ಷಯ. ಏಕಾದಶಿಗೆ ಇಷ್ಟೂ ಸಾಲಲಿಲ್ಲ. ಉಪವಾಸದ ದಿನಕ್ಕೆ ದಶಮಿಯ ಸೋಂಕು ತಗಲಬಾರದು. ಸೂರ್ಯೋದಯಕ್ಕೆ ದಶಮಿ ಮುಗಿದಿದ್ದರೆ ಸಾಕು ಎಂದರು ಸ್ಮಾರ್ತರು. ಸಾಲದು, ಅರುಣೋದಯಕ್ಕೇ ಮುಗಿದಿರಬೇಕು ಎಂದರು ವೈಷ್ಣವರು. ಅರುಣೋದಯವೆಂದರೆ ಸೂರ್ಯ ಹುಟ್ಟುವುದಕ್ಕೆ ನಾಲ್ಕು ಘಳಿಗೆ, ಅಂದರೆ 96 ನಿಮಿಷ ಮುಂಚೆ. ಆ 96 ನಿಮಿಷದೊಳಗೆ ದಶಮಿಯ ಬಾಲ ಸಿಕ್ಕಿಬಿದ್ದರೆ ಅದು ದಶಮೀವಿದ್ಧ, ಉಪವಾಸ ಮರುದಿನಕ್ಕೆ. ಊರಿಗೆ ಊರೇ ಗೊರಕೆ ಹೊಡೆಯುವ ಒಂದೂವರೆ ಗಂಟೆಯ ಸಲುವಾಗಿ ನಮ್ಮ ವಠಾರದ ಎರಡು ಮನೆಗಳು ಬೇರೆ ಬೇರೆ ದಿನ ಹಸಿಯುತ್ತಿದ್ದವು.

ಇದರ ಮೇಲೆ ಲೆಕ್ಕದ ಪದ್ಧತಿಯ ವ್ಯಾಜ್ಯ ಬೇರೆ. ಸೂರ್ಯಸಿದ್ಧಾಂತದ ಹಳೆಯ ಗಣಿತದಿಂದ ತಿಥಿ ತೆಗೆಯುವ ಪಂಚಾಂಗಗಳು ಒಂದು ಕಡೆ, ಆಕಾಶದಲ್ಲಿ ಚಂದ್ರ ನಿಜಕ್ಕೂ ಎಲ್ಲಿದ್ದಾನೋ ಅದಕ್ಕೆ ಹೊಂದಿಸುವ ದೃಕ್ ಪಂಚಾಂಗಗಳು ಇನ್ನೊಂದು ಕಡೆ. ಎರಡರ ನಡುವೆ ಹಲವು ಘಳಿಗೆ ವ್ಯತ್ಯಾಸ ಬರುವುದುಂಟು. ಮುಂದಿನ ಮನೆ ಅಜ್ಜಿಯ ಮಗ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದರು. ‘ಅಮ್ಮ, ದೃಕ್ ಪ್ರಕಾರ ದಶಮಿ ಮೂರು ಗಂಟೆಗೇ ಮುಗಿದಿದೆ. ಉಪವಾಸ ಇವತ್ತೇ’ ಎಂದು ಅವರು ಪೆನ್ಸಿಲ್ ಹಿಡಿದು ನಿಲ್ಲುತ್ತಿದ್ದರು. ‘ಹಾಗಾದರೆ ನೀನು ಇವತ್ತು ಮಾಡಪ್ಪ. ನಾನು ಗುರುಗಳು ಹೇಳಿದ ದಿನ ಮಾಡ್ತೀನಿ’ ಎಂದು ಅಜ್ಜಿ ಅಕ್ಕಿ ತೊಳೆಯಲು ಕೂರುತ್ತಿದ್ದರು. ಅನ್ನ ಬೆಂದು, ತೊವ್ವೆಗೆ ಒಗ್ಗರಣೆ ಬಿದ್ದು, ಎಲೆ ಹಾಕುವ ಹೊತ್ತಿಗೆ ಪ್ರೊಫೆಸರರು ಪೆನ್ಸಿಲ್ ಕೆಳಗಿಟ್ಟು ಕೈಕಾಲು ತೊಳೆದು ಬರುತ್ತಿದ್ದರು. ಮನೆಯ ಒಲೆ ಯಾವ ಸಿದ್ಧಾಂತದ ಪ್ರಕಾರ ಉರಿಯುತ್ತದೋ ಹೊಟ್ಟೆಯೂ ಆ ಸಿದ್ಧಾಂತಕ್ಕೇ ಸೇರಿದ್ದು.

ಅಜ್ಜಿಯ ಸಮಯಪ್ರಜ್ಞೆಯನ್ನು ನೋಡಬೇಕಾದರೆ ದ್ವಾದಶಿಯ ಬೆಳಗಿನ ಜಾವ ಏಳಬೇಕಾಗಿತ್ತು. ಮೂರೂವರೆಗೆ ಬಾವಿಯ ರಾಟೆ ಕಿರುಗುಟ್ಟುವುದು ಮೊದಲ ಸದ್ದು. ಆಮೇಲೆ ತಣ್ಣೀರು ಸುರಿದುಕೊಳ್ಳುವ ಸದ್ದು, ಒದ್ದೆ ಸೀರೆ ಕೊಡವುವ ಸದ್ದು. ಸ್ವಲ್ಪ ಹೊತ್ತಿಗೆ ನಮ್ಮ ಕಿಟಕಿಯ ಸರಳಿಗೆ ಟಕಟಕ. ‘ಗಂಟೆ ಎಷ್ಟಾಯಿತೇ?’ ಅವರ ಮನೆಯಲ್ಲಿ ಗಡಿಯಾರ ಇತ್ತು, ಆದರೆ ಪಾರಣೆಯ ವಿಷಯದಲ್ಲಿ ಒಂದೇ ಗಡಿಯಾರವನ್ನು ನಂಬುವ ಜಾಯಮಾನ ಅಜ್ಜಿಯದಲ್ಲ. ಅಮ್ಮ ಮಲಗಿದಲ್ಲಿಂದಲೇ ‘ನಾಲ್ಕೂ ಹತ್ತು’ ಎಂದರೆ ‘ನಮ್ಮದರಲ್ಲಿ ನಾಲ್ಕೂ ಐದು’ ಎಂದು ಕತ್ತಲೆಯಿಂದ ಉತ್ತರ ಬರುತ್ತಿತ್ತು. ಆ ಐದು ನಿಮಿಷದ ಮೇಲೆ ಆ ದಿನದ ಅಡುಗೆ ನಿಂತಿತ್ತು. ಅಗಸೆ ಸೊಪ್ಪಿನ ಪಲ್ಯ ಆಗಬೇಕು, ನೆಲ್ಲಿಕಾಯಿ ಇರಲೇಬೇಕು, ಪಾಯಸ ಆಗಬೇಕು, ಪೂಜೆ, ನೈವೇದ್ಯ ಮುಗಿಯಬೇಕು. ದ್ವಾದಶಿಯ ಮೊದಲ ಕಾಲು ಭಾಗ ಹರಿವಾಸರ, ಅಷ್ಟರಲ್ಲಿ ಉಣ್ಣುವಂತಿಲ್ಲ. ದ್ವಾದಶಿ ಮುಗಿದು ತ್ರಯೋದಶಿ ಬಂದ ಮೇಲೂ ಉಣ್ಣುವಂತಿಲ್ಲ. ಕೆಲವು ಸಲ ದ್ವಾದಶಿ ಸೂರ್ಯೋದಯದ ನಂತರ ಒಂದೆರಡು ಘಳಿಗೆ ಮಾತ್ರ ಉಳಿದಿರುತ್ತದೆ. ಅದಕ್ಕೆ ಸಾಧನ ದ್ವಾದಶಿ ಎಂದು ಹೆಸರು. ಅಂಥ ದಿನ ಬೆಳಗಿನ ಕರ್ಮಗಳನ್ನೆಲ್ಲ ರಾತ್ರಿಗೇ ಹಿಂದಕ್ಕೆ ಎಳೆದುಕೊಂಡು ಮುಗಿಸಬೇಕು. ಒಂದೂವರೆ ದಿನ ನೀರು ಮುಟ್ಟದ ಜೀವ ಕೊನೆಗೂ ಅಂಗೈಯಲ್ಲಿ ಮೂರು ಸಲ ತೀರ್ಥ ತೆಗೆದುಕೊಂಡು, ಮಣೆಯ ಮೇಲೆ ಕೂತು, ‘ಮೊದಲು ಆ ಪಕ್ಕದ ಮನೆ ಹುಡುಗರಿಗೆ ಪಾಯಸ ಕಳಿಸು’ ಎಂದು ಸೊಸೆಗೆ ಹೇಳುತ್ತಿತ್ತು.

ಪಾರಣೆಯ ಗಡುವು, ಅತಿಥಿ ಸತ್ಕಾರ ಈ ಎರಡರ ನಡುವೆ ಸಿಕ್ಕಿ ಒದ್ದಾಡಿದವನ ಕಥೆ ಭಾಗವತದ ಒಂಬತ್ತನೆಯ ಸ್ಕಂಧದಲ್ಲಿದೆ. ಅಂಬರೀಷ ಮಹಾರಾಜ ವರ್ಷವಿಡೀ ದ್ವಾದಶಿ ವ್ರತ ಮಾಡಿ ಪಾರಣೆಗೆ ಕೂರುವಷ್ಟರಲ್ಲಿ ದೂರ್ವಾಸರು ಅತಿಥಿಯಾಗಿ ಬಂದರು. ‘ಊಟಕ್ಕೆ ಏಳಿ’ ಎಂದರೆ ‘ಸ್ನಾನ ಮುಗಿಸಿ ಬರುತ್ತೇನೆ’ ಎಂದು ಯಮುನೆಗೆ ಹೋದವರು ಅಲ್ಲೇ ಧ್ಯಾನಕ್ಕೆ ಕೂತರು. ಇತ್ತ ದ್ವಾದಶಿ ಮುಗಿಯುತ್ತ ಬಂತು. ಅತಿಥಿಯನ್ನು ಬಿಟ್ಟು ಉಂಡರೆ ಅಪಚಾರ, ಉಣ್ಣದೆ ದ್ವಾದಶಿ ಕಳೆದರೆ ವ್ರತಭಂಗ. ಅರಸ ವಿದ್ವಾಂಸರನ್ನು ಕೇಳಿದ. ಅವರು ಕೊಟ್ಟ ತೀರ್ಪು: ಬರೀ ನೀರು ಕುಡಿ. ನೀರು ಕುಡಿದರೆ ಉಂಡ ಹಾಗೂ ಆಯಿತು, ಉಣ್ಣದ ಹಾಗೂ ಆಯಿತು. ದೂರ್ವಾಸರಿಗೆ ಈ ವಾದ ಒಪ್ಪಿಗೆಯಾಗದೆ ದೊಡ್ಡ ರಂಪವಾದದ್ದು, ಕೊನೆಗೆ ಸುದರ್ಶನ ಚಕ್ರ ಅವರನ್ನೇ ಅಟ್ಟಿಸಿಕೊಂಡು ಹೋದದ್ದು ಮುಂದಿನ ಕಥೆ. ನನಗೆ ರುಚಿಸುವುದು ಆ ಒಂದು ಗುಟುಕು ನೀರು. ನಮ್ಮ ಉಪವಾಸಶಾಸ್ತ್ರವೆಲ್ಲ ಅದರಲ್ಲಿದೆ. ಹೊತ್ತಿನ ಲೆಕ್ಕದಲ್ಲಿ ಒಂದು ವಿಘಳಿಗೆಯನ್ನೂ ಬಿಡಬೇಡ, ಬಾಯಿಗೆ ಹಾಕುವುದರಲ್ಲಿ ದಾರಿ ಹುಡುಕಿಕೋ.

ಸಂಕಷ್ಟಿಯವರ ಪಾಡು ಇನ್ನೊಂದು ಬಗೆ. ಏಕಾದಶಿಗೆ ಪಂಚಾಂಗ ಸಾಕು, ಸಂಕಷ್ಟ ಚತುರ್ಥಿಗೆ ಆಕಾಶವೂ ಸಹಕರಿಸಬೇಕು. ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುವವನು. ಹುಣ್ಣಿಮೆ ಕಳೆದು ನಾಲ್ಕನೆಯ ದಿನಕ್ಕೆ ಒಂಬತ್ತರ ಆಸುಪಾಸು. ಬೆಳಿಗ್ಗೆಯಿಂದ ಹಸಿದವರು ಅವನ ಮುಖ ನೋಡಿ ಅರ್ಘ್ಯ ಕೊಟ್ಟು ಕಡುಬಿಗೆ ಕೈಹಾಕಬೇಕು. ಮಂಗಳವಾರ ಬಂದರೆ ಅಂಗಾರಕ ಸಂಕಷ್ಟಿ, ಅವತ್ತು ಗಣಪತಿ ಗುಡಿಯ ಸಾಲು ರಸ್ತೆಗೆ ಬರುತ್ತದೆ. ಆಷಾಢ ಶ್ರಾವಣದಲ್ಲಿ ಮೋಡ. ತಾರಸಿಯಿಂದ ತಾರಸಿಗೆ ‘ಕಂಡ್ನಾ?’ ‘ಇನ್ನೂ ಇಲ್ಲ’ ಎಂಬ ಕೂಗು. ಈಗ ಆ ಕೂಗು ಫೋನಿಗೆ ಬಂದಿದೆ. ನಮಗಿಂತ ಪೂರ್ವಕ್ಕಿರುವ ಚೆನ್ನೈಯಲ್ಲಿ ಚಂದ್ರ ಹತ್ತು ಹದಿನೈದು ನಿಮಿಷ ಮೊದಲೇ ಹುಟ್ಟುತ್ತಾನೆ. ಅಲ್ಲಿರುವ ನಮ್ಮತ್ತಿಗೆ ಅವನ ಫೋಟೊ ತೆಗೆದು ವಾಟ್ಸ್‌ಆ್ಯಪ್ ಮಾಡುತ್ತಾರೆ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, ‘ಚೆನ್ನಾಗಿದ್ದಾನೆ. ಆದರೆ ಇದು ಅವರ ಚಂದ್ರ. ನಮ್ಮೂರಿನದು ಬರಲಿ’ ಎಂದು ಫೋನ್ ಮಗುಚಿಡುತ್ತಾಳೆ. ಮೋಡ ಸರಿಯದಿದ್ದರೆ ಪಂಚಾಂಗದ ಚಂದ್ರೋದಯದ ಹೊತ್ತಿಗೆ ಪೂರ್ವದಿಕ್ಕಿಗೆ ಅರ್ಘ್ಯ ಬಿಟ್ಟರಾಯಿತು. ಇಲ್ಲಿಯೂ ಒಂದು ಕಿಟಕಿ ತೆರೆದೇ ಇದೆ.

ಹೊರದೇಶಕ್ಕೆ ಹೋದವರ ಏಕಾದಶಿಗೆ ಗಣಿತ ಇನ್ನೂ ಗಟ್ಟಿ. ನ್ಯೂಜೆರ್ಸಿಯಿಂದ ಅಣ್ಣನ ಮಗಳು ಕೇಳುತ್ತಾಳೆ, ‘ಚಿಕ್ಕಪ್ಪ, ಊರಿನ ಕ್ಯಾಲೆಂಡರಿನಲ್ಲಿ ಏಕಾದಶಿ ಮಂಗಳವಾರ, ಇಲ್ಲಿನ ದೇವಸ್ಥಾನದವರು ಸೋಮವಾರ ಅಂತಾರೆ. ಯಾರದು ಸರಿ?’ ಇಬ್ಬರದೂ ಸರಿ. ತಿಥಿ ಬದಲಾಗುವ ಕ್ಷಣ ಭೂಮಿಗೆಲ್ಲ ಒಂದೇ, ಸೂರ್ಯ ಹುಟ್ಟುವ ಕ್ಷಣ ಊರಿಗೊಂದು. ಬೆಂಗಳೂರಿನಲ್ಲಿ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಏಕಾದಶಿ ಶುರುವಾಯಿತು ಎನ್ನಿ. ಸೋಮವಾರದ ಸೂರ್ಯೋದಯ ಆಗಲೇ ಕಳೆದಿದೆ, ಇಲ್ಲಿ ಉಪವಾಸ ಮಂಗಳವಾರಕ್ಕೆ. ನ್ಯೂಜೆರ್ಸಿಯಲ್ಲಿ ಆಗ ಬೇಸಿಗೆಯ ಗಡಿಯಾರದಂತೆ ಭಾನುವಾರ ರಾತ್ರಿ ಹನ್ನೊಂದೂವರೆ. ಸೋಮವಾರದ ಸೂರ್ಯ ಹುಟ್ಟುವಾಗ ಅಲ್ಲಿ ಏಕಾದಶಿ ನಡೆಯುತ್ತಿದೆ, ಉಪವಾಸ ಸೋಮವಾರವೇ. ‘ಅಂದರೆ ನಾನು ಮೊದಲು ಮಾಡಿ ಮುಗಿಸ್ತೀನಿ, ಅಮ್ಮ ಆಮೇಲೆ ಮಾಡ್ತಾಳೆ’ ಎಂದು ಹುಡುಗಿಗೆ ಖುಷಿ. ಬೇಸಿಗೆಯಲ್ಲಿ ಲಂಡನ್‌ನ ಸಂಕಷ್ಟಿಯವರಿಗೆ ಚಂದ್ರ ಹುಟ್ಟುವ ಹೊತ್ತಿಗೆ ನಡುರಾತ್ರಿ. ತಿಂಗಳುಗಟ್ಟಲೆ ಸೂರ್ಯ ಮುಳುಗದ ನಾರ್ವೆಯ ಉತ್ತರದ ಊರುಗಳಲ್ಲಿ ಅರುಣೋದಯ ಯಾವಾಗ ಎಂದು ಅವಳು ಕೇಳಿದಾಗ ಊಟದ ಹೊತ್ತಾಯಿತು ಎಂದು ಫೋನ್ ಇಟ್ಟೆ.

ಇದನ್ನೆಲ್ಲ ಒಂದು ಹದಕ್ಕೆ ತರುವ ಪ್ರಯತ್ನ ಸರ್ಕಾರದಿಂದಲೂ ನಡೆಯಿತು. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ಸುಮಾರು 30 ಬಗೆಯ ಪಂಚಾಂಗಗಳು ಚಾಲ್ತಿಯಲ್ಲಿದ್ದವು. 1952ರಲ್ಲಿ ಭೌತವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ರಚನೆಯಾಯಿತು, 1955ರಲ್ಲಿ ವರದಿ ಬಂತು, 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ನಕ್ಷತ್ರಗಳ ವಾತಾವರಣವನ್ನೇ ಲೆಕ್ಕ ಹಾಕಿದ್ದ ಸಹಾ ಅವರಿಗೆ ಒಂದು ತಿಥಿ ಯಾವ ಲೆಕ್ಕ? ಪೂರ್ವ ರೇಖಾಂಶ 82 ಡಿಗ್ರಿ 30 ಮಿನಿಟಿನ ಮೇಲೆ ಒಂದು ಕೇಂದ್ರಬಿಂದು ಗೊತ್ತುಮಾಡಿ ಇಡೀ ದೇಶಕ್ಕೆ ಒಂದೇ ಗಣಿತ ಕೊಟ್ಟರು. ದೇಶ ಅದನ್ನು ಗೌರವದಿಂದ ಸ್ವೀಕರಿಸಿ ಸರ್ಕಾರಿ ಗೆಜೆಟ್ಟಿನಲ್ಲಿ ಇಟ್ಟುಕೊಂಡಿತು. ನಮ್ಮ ವಠಾರದ ಅಯ್ಯಂಗಾರ್ ಮಾಮ ಬೆರಳೆಣಿಸುವುದನ್ನು ನಿಲ್ಲಿಸಲಿಲ್ಲ. ಕರಾವಳಿಯವರು ಸೌರಮಾನದಲ್ಲಿ ಬಿಸು ಮಾಡುವುದನ್ನು ಬಿಡಲಿಲ್ಲ, ಒಳನಾಡಿನವರು ಚಾಂದ್ರಮಾನದ ಯುಗಾದಿ ಬಿಡಲಿಲ್ಲ. ನಮ್ಮ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ, ಉತ್ತರದವರದು ಹುಣ್ಣಿಮೆಗೆ. ಅದರಿಂದ ಮಹಾಶಿವರಾತ್ರಿ ನಮಗೆ ಮಾಘದಲ್ಲಿ, ಅವರಿಗೆ ಫಾಲ್ಗುಣದಲ್ಲಿ, ರಾತ್ರಿ ಮಾತ್ರ ಇಬ್ಬರಿಗೂ ಒಂದೇ. ‘ಪಂಚಾಂಗ ಹೋದರೆ ನಕ್ಷತ್ರ ಹೋದೀತೇ?’ ಎಂದು ಗಾದೆ ಕಟ್ಟಿದ ಜನ ಪಂಚಾಂಗ ಬಂದ ಮಾತ್ರಕ್ಕೆ ಬದಲಾಗುವವರಲ್ಲ.

ಒಂದು ಮಾತಿಗೆ ಮಾತ್ರ ಎಲ್ಲ ಪಂಚಾಂಗದವರೂ ಬಗ್ಗುತ್ತಾರೆ: ಚಂದ್ರನ ವರ್ಷ 354 ದಿನ, ಸೂರ್ಯನದು 365. ವರ್ಷಕ್ಕೆ 11 ದಿನದ ಸಾಲ. ಅದನ್ನು ಹಾಗೇ ಬೆಳೆಯಲು ಬಿಟ್ಟರೆ ಹಬ್ಬಗಳು ಋತುವಿನಿಂದ ಋತುವಿಗೆ ಅಲೆಯುತ್ತವೆ. ಮುಸಲ್ಮಾನರ ರಮ್ಜಾನ್ ಹಾಗೆಯೇ ಅಲೆಯುತ್ತದೆ, ಸುಮಾರು 33 ವರ್ಷಕ್ಕೆ ಎಲ್ಲ ಕಾಲಗಳನ್ನೂ ಸುತ್ತಿ ಬರುತ್ತದೆ. ಮಂಡಿಯಲ್ಲಿ ಖರ್ಜೂರ ಮಾರುವ ಸಾಹೇಬರು, ‘ನಮ್ಮ ಉಪವಾಸಕ್ಕೆ ಚಳಿಗಾಲವೂ ಸಿಗುತ್ತೆ, ಬೇಸಿಗೆಯೂ ಸಿಗುತ್ತೆ. ಅಲ್ಲಾಹು ಯಾರಿಗೂ ಮೋಸ ಮಾಡೋದಿಲ್ಲ’ ಎನ್ನುತ್ತಿದ್ದರು. ನಾವು ಸಾಲವನ್ನು 32–33 ತಿಂಗಳಿಗೊಮ್ಮೆ ಒಂದು ಅಧಿಕ ಮಾಸ ಹಾಕಿ ತೀರಿಸುತ್ತೇವೆ, 19 ವರ್ಷಕ್ಕೆ ಏಳು ಸಲ. ಆ ವರ್ಷ ಏಕಾದಶಿ 24 ಅಲ್ಲ, 26. ಹೆಚ್ಚುವರಿ ತಿಂಗಳಿಗೆ ಹೆಚ್ಚುವರಿ ಸಂಬಳವಿಲ್ಲದ್ದರಿಂದಲೇ ‘ಬರಗಾಲದಲ್ಲಿ ಅಧಿಕ ಮಾಸ’ ಎಂಬ ಮಾತು ಹುಟ್ಟಿದ್ದು. ಇಂಗ್ಲಿಷ್ ಕ್ಯಾಲೆಂಡರಿಗೂ ಇದರ ಬಿಸಿ ತಟ್ಟುತ್ತದೆ. ವೈಕುಂಠ ಏಕಾದಶಿ ಧನುರ್ಮಾಸದ ಶುಕ್ಲಪಕ್ಷಕ್ಕೆ ಕಟ್ಟುಬಿದ್ದಿದೆ, ಧನುರ್ಮಾಸ ಡಿಸೆಂಬರ್ ಜನವರಿಗಳ ನಡುವೆ ಕಾಲು ಚಾಚಿ ಮಲಗಿದೆ. ಹೀಗಾಗಿ 2024ರಲ್ಲಿ ವೈಕುಂಠ ಏಕಾದಶಿ ಬರಲೇ ಇಲ್ಲ. 2025ರಲ್ಲಿ ಜನವರಿ 10 ಮತ್ತು ಡಿಸೆಂಬರ್ 30, ಎರಡು ಸಲ ಬಂತು. ಒಂದು ವರ್ಷ ಸ್ವರ್ಗದ ಬಾಗಿಲಿಗೆ ಬೀಗ, ಮರುವರ್ಷ ಎರಡು ಸರದಿ.

2026ರ ಪರಾಭವ ಸಂವತ್ಸರದಲ್ಲಿ ಅಧಿಕ ಮಾಸ ಜ್ಯೇಷ್ಠಕ್ಕೆ ಬಿದ್ದಿದೆ, ಮೇ 17ರಿಂದ ಜೂನ್ 15ರವರೆಗೆ. ಬರಗಾಲದ ಗಾದೆ ಕಟ್ಟಿದವರು ಇದನ್ನು ನೋಡಬೇಕಿತ್ತು. ಆ ಒಂದು ತಿಂಗಳು ಮೈಸೂರಿನ ಮಾರುಕಟ್ಟೆಯಲ್ಲಿ ರಸಪುರಿಯ ಪರಿಮಳಕ್ಕೆ ಮೂಗು ಕಟ್ಟುವಂಥ ಕಾಲ. ಏಕಾದಶಿಗೆ ಅನ್ನ ವರ್ಜ್ಯ, ಬೇಳೆ ವರ್ಜ್ಯ, ಹಣ್ಣು ಪ್ರಶಸ್ತ. ಫಲಾಹಾರದಲ್ಲಿ ಫಲ ಇರಲಿ ಎಂದು ಹಟ ಹಿಡಿಯಲು ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಕ್ಕೀತೇ? ಆ ತಿಂಗಳಲ್ಲಿ ಏಕಾದಶಿ ಎರಡು ದಿನಕ್ಕೆ ಹಂಚಿಹೋದರೆ ಸ್ಮಾರ್ತರದನ್ನೂ ಮಾಡುವುದು, ವೈಷ್ಣವರದನ್ನೂ ಬಿಡದಿರುವುದು ಎಂದು ಮನೆಯಲ್ಲಿ ಘೋಷಿಸಿದ್ದೇನೆ. ಮತಸಾಮರಸ್ಯಕ್ಕೆ ನಮ್ಮಿಂದಾದಷ್ಟು. ಅದರ ಬೆನ್ನಿಗೇ ನಿಜ ಜ್ಯೇಷ್ಠದಲ್ಲಿ ನಿರ್ಜಲ ಏಕಾದಶಿ ಬರುತ್ತದೆ. ಹಸಿವು ತಡೆಯಲಾರೆ ಎಂದ ಭೀಮಸೇನನಿಗೆ ವ್ಯಾಸರು, ವರ್ಷದ ಏಕಾದಶಿಗಳೆಲ್ಲದರ ಫಲ ಒಂದರಲ್ಲೇ ಬರಲಿ ಎಂದು ಕೊಟ್ಟ ರಿಯಾಯಿತಿ ಅದು, ನೀರೂ ಇಲ್ಲ ಎಂಬ ಷರತ್ತಿನ ಮೇಲೆ. ಆ ದಿನವನ್ನು ಭೀಮಸೇನನ ಪಾಲಿಗೇ ಬಿಟ್ಟಿದ್ದೇನೆ. ಅವನ ಮೈಕಟ್ಟಿಗೆ ಅದು ತಡೆದೀತು.